ನಾಲ್ಕು ಲೋಟ, ನೂರು ಹುಣಸೆ ಬೀಜ

ನಮಸ್ಕಾರ. ಬಾನುಲಿಯಲ್ಲಿ ಸಂಖ್ಯಾಶಾಸ್ತ್ರ ಹೇಳುವುದೆಂದರೆ ಕರಿಹಲಗೆ ಇಲ್ಲದೆ ಪಾಠ ಮಾಡಿದ ಹಾಗೆ. ಅದಕ್ಕೇ ಇವತ್ತು ಹಲಗೆಯ ಬದಲು ನಾಲ್ಕು ಸ್ಟೀಲ್ ಲೋಟ ಇಟ್ಟುಕೊಂಡು ಮಾತಾಡುತ್ತೇನೆ. ಲೋಟ ನನ್ನವಲ್ಲ, ಮುಂಬೈಯ ಮಾಟುಂಗಾದಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವನವು.

ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಮಾವನಿಗೆ ಹೊಸ ಟೇಬಲ್ ಹಾಕಿಸಬೇಕಿತ್ತು. "ನೀನು ಲೆಕ್ಕ ಕಲಿತವ ಅಲ್ವಾ ಮಾರಾಯ, ಒಂದು ಟೇಬಲಿಗೆ ಎಷ್ಟು ಕುರ್ಚಿ ಇಡ್ಲಿ, ಹೇಳು" ಅಂದರು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಗಲ್ಲಾದ ಪಕ್ಕ ಕೂತೆ. ಬಂದ ತಲೆಗಳೆಷ್ಟು, ಗುಂಪುಗಳೆಷ್ಟು ಎಂದು ಎಣಿಸಿ ಭಾಗಿಸಿದೆ. "ಬೆಳಿಗ್ಗೆಯೂ ಸರಾಸರಿ ಎರಡು, ಸಂಜೆಯೂ ಎರಡು, ಮಾವ" ಅಂದೆ. ಅವರು ನಂಬಿ, ಇಬ್ಬರು ಕೂರುವ ಟೇಬಲುಗಳನ್ನೇ ತರಿಸಿಬಿಟ್ಟರು.

ಸಂಜೆಗೆ ತೊಂದರೆಯಾಗಲಿಲ್ಲ. ಬೆಳಿಗ್ಗೆ ಫಜೀತಿ. ರೈಲು ಹಿಡಿಯುವ ಆತುರದವರು ಒಬ್ಬೊಬ್ಬರೇ ಬಂದು ಒಂದೊಂದು ಟೇಬಲ್ ಹಿಡಿದರು, ಎದುರಿನ ಕುರ್ಚಿಯಲ್ಲಿ ಅವರ ಬ್ಯಾಗು. ಫೈವ್ ಗಾರ್ಡನ್ಸ್‌ನಲ್ಲಿ ನಡೆದು ಬಂದ ಹಿರಿಯರು ನಾಲ್ಕು ನಾಲ್ಕು ಮಂದಿ. ಅವರು ಎರಡೆರಡು ಟೇಬಲ್ ಎಳೆದು ಜೋಡಿಸಿದ್ದೇ ತಡ, ಇಡ್ಲಿ ಹಿಡಿದ ಮಾಣಿಗೆ ದಾರಿಯೇ ಇಲ್ಲ.

ಮಾವ ಬೈಯಲಿಲ್ಲ. ಮರುದಿನ ಗಲ್ಲಾದ ಮೇಲೆ ನಾಲ್ಕು ಲೋಟ ಸಾಲಾಗಿ ಇಟ್ಟರು. ಒಬ್ಬನೇ ಬಂದರೆ ಮೊದಲ ಲೋಟಕ್ಕೆ ಒಂದು ಹುಣಸೆ ಬೀಜ, ಇಬ್ಬರು ಬಂದರೆ ಎರಡನೆಯದಕ್ಕೆ, ಹೀಗೆ ನಾಲ್ಕರವರೆಗೆ. ಟಣ್, ಟಣ್. ನೂರು ಗುಂಪಾದ ಮೇಲೆ ನಿಲ್ಲಿಸಿದರು. ಸಂಜೆಗೆ ಇನ್ನೊಂದು ಸಾಲು. ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ, ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಬೆಳಗಿನ ಲೋಟಗಳಲ್ಲಿ 60, 5, 10, 25. ಸಂಜೆಯವುಗಳಲ್ಲಿ 20, 65, 10, 5. ಎರಡೂ ಹೊತ್ತು ಗುಂಪು 100, ಜನ 200. ಸರಾಸರಿ ಎರಡೇ! ನನ್ನ ಭಾಗಾಕಾರ ತಪ್ಪಿರಲಿಲ್ಲ. ಆದರೆ ಬೆಳಿಗ್ಗೆ ಇಬ್ಬರಾಗಿ ಬಂದವರೇ ಎಲ್ಲರಿಗಿಂತ ಕಡಿಮೆ.

ಒಂದೂವರೆ ಮಂದಿ ಯಾವ ಹೋಟೆಲಿಗೂ ಬರುವುದಿಲ್ಲ. ಹೀಗೆ ಒಂದು, ಎರಡು, ಮೂರು ಎಂದು ಬಿಡಿಬಿಡಿಯಾದ ಸಂಖ್ಯೆಗಳನ್ನಷ್ಟೇ ತೆಗೆದುಕೊಳ್ಳುವುದಕ್ಕೆ ಪುಸ್ತಕದಲ್ಲಿ ವಿವಿಕ್ತ ಚರ ಎನ್ನುತ್ತಾರೆ. ಅದರ ಒಂದು ಅನುಕೂಲವೆಂದರೆ ಪ್ರತಿ ಸಂಖ್ಯೆಗೂ ಅದರದೇ ಲೋಟ ಇರುತ್ತದೆ. ಯಾವ ಲೋಟದಲ್ಲಿ ಎಷ್ಟು ಬೀಜ ಎನ್ನುವುದೇ ಹಂಚಿಕೆ; ಎರಡು ಹಂಚಿಕೆಗಳನ್ನು ಹೋಲಿಸಬೇಕಾದರೆ ಲೋಟಕ್ಕೆ ಲೋಟ ಹಿಡಿದು ನೋಡಿದರಾಯಿತು. ಒಂದು ಕಡೆ 100 ಬೀಜ, ಇನ್ನೊಂದು ಕಡೆ 250 ಇದ್ದರೆ ಮೊದಲು ಎರಡನ್ನೂ ಶೇಕಡಾಕ್ಕೆ ತಂದುಕೊಳ್ಳಬೇಕು, ಅಷ್ಟೆ.

ನಾನು ಸುಮ್ಮನಿರಲಾರದೆ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡಲು 1900ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಕೊಟ್ಟ ಕೈ-ಸ್ಕ್ವೇರ್ ಪರೀಕ್ಷೆ ಹಾಕಿದೆ. ಅದರ ತರ್ಕ ಸರಳ. ಬೆಳಿಗ್ಗೆ, ಸಂಜೆ ಒಂದೇ ಥರ ಅಂತಿಟ್ಟುಕೊಳ್ಳಿ. ಆಗ ಮೊದಲ ಲೋಟದ 80 ಬೀಜ ಎರಡೂ ಹೊತ್ತಿಗೆ 40, 40 ಎಂದು ಹಂಚಿಹೋಗಬೇಕಿತ್ತು. ಇದ್ದದ್ದು 60 ಮತ್ತು 20. ವ್ಯತ್ಯಾಸ 20, ಅದರ ವರ್ಗ 400, ಅದನ್ನು ನಿರೀಕ್ಷಿತ 40ರಿಂದ ಭಾಗಿಸಿದರೆ 10. ಎಲ್ಲ ಲೋಟಗಳಿಗೂ ಹೀಗೇ ಮಾಡಿ ಕೂಡಿಸಿದರೆ ಸುಮಾರು 85. ನಾಲ್ಕು ಲೋಟ, ಎರಡು ಸಾಲು ಇರುವಾಗ 7.81 ದಾಟಿದರೇ ಸಾಕು, ಇದು ಬರೀ ಆಕಸ್ಮಿಕ ಇರಲಾರದು ಎಂದು ನಾವು ಅನ್ನುತ್ತೇವೆ.

"85 ಬಂತು ಮಾವ!" ಅಂದೆ.

"ಅದು ಲೋಟ ನೋಡಿದ್ರೇ ಗೊತ್ತಾಗ್ತದಲ್ಲ" ಅಂದರು.

ಮಾತು ನಿಜವೇ. ಆದರೆ ಕಣ್ಣಿಗೆ ಸುಲಭವಾಗಿ ಸಿಕ್ಕದ ಲೆಕ್ಕಗಳೂ ಇವೆ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞರು ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಪ್ರಕಟಿಸಿದರು. ಅದರಲ್ಲಿ ಎಲ್ಲರೂ ಎತ್ತಿ ಹೇಳುವ ಭಾಗ 10 ಸೇನಾದಳ, 20 ವರ್ಷ, ಅಂದರೆ ಒಂದು ದಳದ ಒಂದು ವರ್ಷಕ್ಕೆ ಒಂದು ಬೀಜದಂತೆ 200 ಬೀಜಗಳದ್ದು. ಒಬ್ಬನೂ ಸಾಯದ್ದು 109, ಒಬ್ಬ ಸತ್ತದ್ದು 65, ಇಬ್ಬರು 22, ಮೂವರು 3, ನಾಲ್ವರು 1. ಒಟ್ಟು ಸಾವು 122. ಇಲ್ಲಿ ಎರಡನೆಯ ಸಾಲಿನ ಲೋಟಗಳೇ ಇಲ್ಲ, ಹೋಲಿಕೆ ಸೂತ್ರದ ಜೊತೆ. ಅಪರೂಪದ ಘಟನೆಗಳು ಬರೀ ಆಕಸ್ಮಿಕವಾಗಿ ನಡೆದರೆ ಯಾವ ಲೋಟಕ್ಕೆ ಎಷ್ಟು ಬೀಳಬೇಕು ಎಂದು ಹೇಳುವುದು ಪಾಯ್ಸನ್ ಸೂತ್ರ. 122ನ್ನು 200ರಿಂದ ಭಾಗಿಸಿ ಬಂದ ಸರಾಸರಿ 0.61 ಹಾಕಿ ಅದನ್ನು ನಡೆಸಿದರೆ 108.7, 66.3, 20.2, 4.1, 0.6 ಬರುತ್ತದೆ. ಪಕ್ಕಪಕ್ಕ ಇಟ್ಟು ನೋಡಿ! ಒಂದೇ ವರ್ಷ ನಾಲ್ವರು ಸತ್ತ ದಳದ ಕುದುರೆಗಳನ್ನು ದೂರುವವರು ಆಗಲೂ ಇದ್ದಿರಬೇಕು. ಆಕಸ್ಮಿಕವೂ ಅಷ್ಟನ್ನು ಮಾಡಬಲ್ಲದು. ಕೊನೆಯ ಎರಡು ಲೋಟಗಳ ನಿರೀಕ್ಷೆ ಕೂಡಿಸಿದರೂ ಐದಾಗದಿರುವುದರಿಂದ ಕೈ-ಸ್ಕ್ವೇರ್ ಹಾಕುವ ಮೊದಲು ಅವೆರಡನ್ನೂ ಪಕ್ಕದ ಮೂರನೆಯ ಲೋಟಕ್ಕೆ ಸುರಿಯಬೇಕು. ಪ್ರತಿ ಲೋಟಕ್ಕೂ ನಿರೀಕ್ಷೆ ಐದಾದರೂ ಇರಲಿ ಎನ್ನುವುದು ರೂಢಿ.

ಮಾವನಿಗೂ ಇಂಥದೊಂದು ಅನುಮಾನ ಬಂತು. ಸೋಮವಾರ ಸಂಜೆ ಲೋಟಗಳಲ್ಲಿ 20, 65, 10, 5 ಇದ್ದವು. ಮಂಗಳವಾರ ಸಂಜೆ 24, 60, 9, 7. "ಮಂಗಳವಾರ ನಾಲ್ಕು ಜನರದ್ದು ಜಾಸ್ತಿ, ಒಬ್ಬ ಮಾಣಿಯನ್ನು ಹೆಚ್ಚಿಗೆ ಹಾಕ್ಲಾ?" ಎಂದು ಕೇಳಿದರು. ನಾನು ಬಿಲ್ಲಿನ ಹಿಂದೆಯೇ ಲೆಕ್ಕ ಮಾಡಿದೆ. ಬಂದದ್ದು 0.95, ಒಂದೂ ಇಲ್ಲ. 7.81ರ ಹತ್ತಿರಕ್ಕೂ ಹೋಗಲಿಲ್ಲ. "ಬೇಡ ಮಾವ, ಇಷ್ಟು ಏರುಪೇರು ಯಾವ ಎರಡು ಸಂಜೆಗೂ ಇದ್ದೇ ಇರ್ತದೆ" ಅಂದೆ.

ಈ ಸಲ ಅವರು ನನ್ನ ಮುಖವನ್ನೂ ಲೋಟಗಳನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಬೀಜಗಳನ್ನು ಡಬ್ಬಿಗೆ ಸುರಿದು, "ಬುಧವಾರವೂ ಎಣಿಸ್ತೇನೆ, ನೋಡುವ" ಅಂದರು.