ಮಾಸು ಒಂದೋ ಎರಡೋ

ಕೇಳುಗರಿಗೆ ನಮಸ್ಕಾರ.

ಹೊಟ್ಟೆಯಲ್ಲಿ ಎರಡು ಕೂಸುಗಳಿವೆ ಎಂದು ತಿಳಿದ ದಿನ ನಮ್ಮ ಅತ್ತೆ ಮೊದಲು ಕೇಳಿದ್ದು, "ಜೋಡಿ ಬಾಳೆಹಣ್ಣು ತಿಂದಿದ್ದೆಯಾ?" ಎಂದು. ತಿಂದಿರಲಿಲ್ಲ. ಮುಂದಿನ ಆರು ತಿಂಗಳಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳನ್ನು ನೆನೆದರೆ ಇದೇ ಎಲ್ಲಕ್ಕಿಂತ ಸುಲಭದ ಪ್ರಶ್ನೆಯಾಗಿತ್ತು. ಹೌದು ಅಥವಾ ಇಲ್ಲ ಎಂದರೆ ಮುಗಿಯುತ್ತಿತ್ತು.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಈಗ ಹೇಳುತ್ತಿರುವುದು ಒಂಬತ್ತು ವರ್ಷದ ಹಿಂದಿನ ಮಾತು. ಮೊದಲ ಮಗ ಸಹಜ ಹೆರಿಗೆಯಲ್ಲೇ ಹುಟ್ಟಿದ್ದ. ಹಾಗಾಗಿ ಎರಡನೆಯ ಬಸಿರು ಎಂದರೆ ಒಮ್ಮೆ ಹೋಗಿ ಬಂದ ಊರು, ದಾರಿ ಗೊತ್ತಿದೆ ಎಂದುಕೊಂಡಿದ್ದೆ.

ಏಳನೆಯ ತಿಂಗಳಿನಲ್ಲಿ ಗೊಂದಲ ಶುರುವಾಯಿತು. ನಾನು ತೋರಿಸಿಕೊಳ್ಳುತ್ತಿದ್ದ ಊರಿನ ಡಾಕ್ಟರಮ್ಮ, "ಮೊದಲನೆಯ ಮಗುವಿನ ತಲೆ ಕೆಳಗಿದೆ, ನಿಮಗೆ ಒಮ್ಮೆ ಸಹಜವಾಗಿಯೇ ಆಗಿದೆ, ಕಾಯೋಣ" ಎಂದರು. ಸಮಾಧಾನವಾಯಿತು. ಆದರೂ ಮನೆಯವರ ಒತ್ತಾಯಕ್ಕೆ ಶಿವಮೊಗ್ಗದಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿನ ವೈದ್ಯರು ಫೈಲನ್ನು ಪೂರ್ತಿ ತೆರೆಯುವ ಮೊದಲೇ, "ಅವಳಿ ಎಂದರೆ ಆಪರೇಷನ್ನೇ. 36 ವಾರಕ್ಕೆ ಒಂದು ದಿನ ಗೊತ್ತುಮಾಡಿಕೊಂಡು ಬನ್ನಿ" ಎಂದರು. ದಿನ ಗೊತ್ತುಮಾಡಿ ಎಂದ ಮೇಲೆ ನಮ್ಮ ಮಾವ ಸುಮ್ಮನಿರುತ್ತಾರೆಯೇ? ಅದೇ ಸಂಜೆ ಜೋಯಿಸರ ಮನೆಗೆ ಹೋಗಿ ಬಂದರು. ಜೋಯಿಸರು ನಕ್ಷತ್ರ ನೋಡಿ ಹೆರಿಗೆಯನ್ನು ಇನ್ನೂ ನಾಲ್ಕು ದಿನ ಹಿಂದಕ್ಕೆ ಎಳೆದಿದ್ದರು. ಆ ನಾಲ್ಕು ದಿನದಲ್ಲಿ ಕೂಸಿನ ಶ್ವಾಸಕೋಶ ಎಷ್ಟು ಬಲಿಯುತ್ತದೆ ಎಂಬ ಲೆಕ್ಕ ಪಂಚಾಂಗದಲ್ಲಿ ಇರುವುದಿಲ್ಲ.

ಸುದ್ದಿ ಹೊರದೇಶಕ್ಕೂ ಮುಟ್ಟಿತು. ಇಂಗ್ಲೆಂಡಿನಲ್ಲಿರುವ ಓರಗಿತ್ತಿ ಫೋನು ಮಾಡಿ, "ಇಲ್ಲಿ 37 ವಾರಕ್ಕೆ ಹೆರಿಗೆ ಮಾಡಿಸುತ್ತಾರೆ, ಅದಕ್ಕಿಂತ ಮೊದಲು ಒಪ್ಪಬೇಡ" ಎಂದಳು. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು, "38" ಎಂದಳು. ನಮ್ಮಮ್ಮ ಮಾತ್ರ ವಾರದ ಗೋಜಿಗೇ ಹೋಗಲಿಲ್ಲ. "ಹಾಸಿಗೆ ಬಿಟ್ಟು ಏಳಬೇಡ" ಎಂದಷ್ಟೇ ಹೇಳಿದಳು. ಡಾಕ್ಟರಮ್ಮ ದಿನಾ ಸ್ವಲ್ಪ ನಡೆಯಲು ಹೇಳಿದ್ದರು. ಈ ಒಂದು ವಿಷಯದಲ್ಲಿ ಅಮ್ಮನ ಮಾತು ಮೀರಿದೆ. ಅವಳಿ ಬಸುರಿಯನ್ನು ಸುಮ್ಮನೆ ಮಲಗಿಸಿಟ್ಟರೆ ಅಕಾಲದ ಹೆರಿಗೆ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬದಲಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಉಳಿದದ್ದು ಅಷ್ಟು ಸುಲಭದಲ್ಲಿ ಬಗೆಹರಿಯಲಿಲ್ಲ. ರಾತ್ರಿ ಮಲಗಿದರೆ 36, 37, 38 ಎಂಬ ಅಂಕಿಗಳು ಮಗ್ಗಿಯಂತೆ ತಲೆಯಲ್ಲಿ ಓಡುತ್ತಿದ್ದವು. ಯಾರನ್ನು ನಂಬಿದರೂ ಇನ್ನೊಬ್ಬರನ್ನು ಸುಳ್ಳರನ್ನಾಗಿ ಮಾಡಿದ ಹಾಗೆ ಅನಿಸುತ್ತಿತ್ತು. ಕೊನೆಗೆ ಒಂದು ಶುಕ್ರವಾರ ಸಾಗರದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಗರ್ಭದಲ್ಲಿರುವ ಮಕ್ಕಳನ್ನೇ ನೋಡುವ ವಿಶೇಷ ತಜ್ಞೆಯೊಬ್ಬರು ಅಲ್ಲಿದ್ದರು. ಎಷ್ಟು ವಾರಕ್ಕೆ, ಸಹಜವೋ ಆಪರೇಷನ್ನೋ ಎಂದು ನಾನು ಕೇಳುವುದರೊಳಗೆ ಅವರೇ ಕೇಳಿದರು: "ಮಾಸು ಎಷ್ಟು?"

ನನಗೆ ಅರ್ಥವಾಗಲಿಲ್ಲ. ಮಾಸು (ಪ್ಲಾಸೆಂಟಾ) ಎಂದರೆ ಹೊಟ್ಟೆಯಲ್ಲಿ ಕೂಸಿಗೆ ಆಹಾರ ಮುಟ್ಟಿಸಿ, ಹೆರಿಗೆಯಾದ ಮೇಲೆ ಬೀಳುವುದು, ಅದನ್ನು ಮೊದಲೇ ಎಣಿಸುವುದು ಹೇಗೆ? ಅವರು ವರದಿಗಳನ್ನು ಒಂದೊಂದಾಗಿ ತಿರುವಿದರು. ಅವಳಿ ಗರ್ಭ, ಎರಡೂ ಜೀವಂತ, ಎರಡಕ್ಕೂ ಹೃದಯ ಬಡಿತ ಇದೆ. ಎಲ್ಲ ವರದಿಯಲ್ಲೂ ಇಷ್ಟೇ. ಮಾಸಿನ ಮಾತೇ ಇರಲಿಲ್ಲ. "ಮೂರನೆಯ ತಿಂಗಳಿನಲ್ಲಿ ತೆಗೆದ ಸ್ಕ್ಯಾನಿಂಗ್ ಚಿತ್ರ ಇದೆಯೇ?" ಎಂದರು. ಇತ್ತು. ಬಿಲ್ಲಿನ ಕಾಗದದಂಥ ನುಣುಪು ಕಾಗದದ ಮೇಲೆ ಮೂಡಿಸಿದ ಆ ಚಿತ್ರವನ್ನು ನಾನು ಒಲೆಗೆ ತಾಗಿದ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟಿದ್ದೆ. ಬಿಸಿಗೆ ಒಂದು ಅಂಚು ಕಪ್ಪಾಗಿತ್ತು. ಅವರು ಎದ್ದು ಕಿಟಕಿಯ ಬೆಳಕಿಗೆ ಹೋಗಿ, ಕನ್ನಡಕ ಮೇಲೇರಿಸಿ, ಬಹಳ ಹೊತ್ತು ನೋಡಿದರು. ಮತ್ತೆ ಬಂದು ಔಷಧಿ ಚೀಟಿಯ ಹಿಂಬದಿಯಲ್ಲಿ ಎರಡು ಚಿತ್ರ ಬರೆದರು.

ಎರಡು ಮಕ್ಕಳ ನಡುವೆ ತೆಳುವಾದ ಒಂದು ಪೊರೆ ಇರುತ್ತದೆ, ಅದು ಗೋಡೆ ಎಂದುಕೊಳ್ಳಿ. ಮಕ್ಕಳಿಗೆ ಒಂದೇ ಮಾಸು ಇದ್ದರೆ ಆ ಗೋಡೆ ಮಾಸಿನ ಮೇಲೆ ಹಲಗೆಗೆ ನಿಲ್ಲಿಸಿದ ದಾರದ ಹಾಗೆ ನೆಟ್ಟಗೆ ಕೂರುತ್ತದೆ. ಎರಡು ಮಾಸು ಪಕ್ಕಪಕ್ಕದಲ್ಲಿ ಬೆಸೆದುಕೊಂಡಿದ್ದರೆ ಗೋಡೆಯ ಬುಡ ದಪ್ಪವಾಗಿ, ಪುಟ್ಟ ಹುತ್ತದ ಹಾಗೆ ಮೇಲೆದ್ದಿರುತ್ತದೆ. ಇದು ಸ್ಪಷ್ಟವಾಗಿ ಕಾಣುವುದು 11ರಿಂದ 14ನೆಯ ವಾರದ ನಡುವೆ. ದಿನ ಕಳೆದಂತೆ ಹುತ್ತ ಕರಗುತ್ತದೆ, ಆಮೇಲೆ ಹುಡುಕಿದರೆ ಸಿಗುವ ಭರವಸೆಯಿಲ್ಲ. ನನ್ನ ಚಿತ್ರದ ಕಪ್ಪಾಗದ ಭಾಗದಲ್ಲಿ ಹುತ್ತ ಕಾಣುತ್ತಿತ್ತು.

ಇಷ್ಟಕ್ಕೆ ಯಾಕೆ ಇಷ್ಟೊಂದು ಮಹತ್ವ ಎಂದರೆ, ಒಂದೇ ಮಾಸು ಎಂದರೆ ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟ ಹಾಗೆ. ಮಾಸಿನೊಳಗಿನ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅಂಥ ಬಸಿರುಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಒಂದು ಕೂಸಿನ ರಕ್ತ ಇನ್ನೊಂದರ ಕಡೆಗೆ ಹರಿಯತೊಡಗುತ್ತದೆ. ಒಂದು ಬತ್ತುತ್ತದೆ, ಇನ್ನೊಂದು ಉಬ್ಬರಿಸುತ್ತದೆ, ಎರಡಕ್ಕೂ ಅಪಾಯ. ಅದಕ್ಕೇ ಅವರಿಗೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು. ತೊಡಕಿಲ್ಲದಿದ್ದರೂ ಬ್ರಿಟನ್ನಿನ ಮಾರ್ಗಸೂಚಿ ಅಂಥವರಿಗೆ 36 ವಾರ ಎನ್ನುತ್ತದೆ. ಮಾಸಷ್ಟೇ ಅಲ್ಲ, ನೀರಿನ ಚೀಲವೂ ಒಂದೇ ಆಗಿ ನಡುವೆ ಗೋಡೆಯೇ ಇಲ್ಲದಿದ್ದರೆ ಹೊಕ್ಕುಳಬಳ್ಳಿಗಳು ಸಿಕ್ಕುಹಾಕಿಕೊಳ್ಳುತ್ತವೆ. ಅದು ಬಹಳ ಅಪರೂಪ. ಅಂಥವರಿಗೆ 32ರಿಂದ 34 ವಾರದೊಳಗೆ ಆಪರೇಷನ್.

ಎರಡು ಮಾಸಿದ್ದರೆ ಕಾಯಬಹುದು. ಎಷ್ಟು ದಿನ? ಬ್ರಿಟನ್ನಿನವರು 37 ಎನ್ನುತ್ತಾರೆ, ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 38 ಎನ್ನುತ್ತದೆ. ನನ್ನ ಓರಗಿತ್ತಿಯೂ ಚಿಕ್ಕಮ್ಮನ ಮಗಳೂ ತಮ್ಮ ತಮ್ಮ ದೇಶದ ಪುಸ್ತಕದಂತೆ ಸರಿಯಾಗಿಯೇ ಹೇಳಿದ್ದರು! ಬೇಗ ಹೊರಬಂದರೆ ಉಸಿರಾಟದ ತೊಂದರೆ, ತಡವಾದರೆ ಹೊಟ್ಟೆಯಲ್ಲೇ ಮಗು ಹೋಗುವ ಭಯ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಒಬ್ಬರ ಮುಳ್ಳು ಒಂದು ವಾರ ಆಚೆ ನಿಂತಿದೆ, ಅಷ್ಟೇ. ಆ ಒಂದು ವಾರಕ್ಕಾಗಿ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ ಎಂದು ನೆನೆದರೆ ಈಗ ಸಿಟ್ಟು ಬರುತ್ತದೆ.

ಇನ್ನು ಸಹಜವೋ ಆಪರೇಷನ್ನೋ. ಎರಡನೆಯ ಕೂಸು ಅಡ್ಡಡ್ಡ ಮಲಗಿತ್ತು. ನರ್ಸಿಂಗ್ ಹೋಮಿನವರು ಅದನ್ನೇ ದೊಡ್ಡದು ಮಾಡಿದ್ದರು. ಬೆಂಗಳೂರಿನ ವೈದ್ಯೆ, "ಮೊದಲು ಬರುವ ಕೂಸಿನ ತಲೆ ಕೆಳಗಿರುವುದು ಮುಖ್ಯ. ಅದು ಹೊರಬಂದ ಮೇಲೆ ಎರಡನೆಯದಕ್ಕೆ ಮನೆ ಖಾಲಿಯಾಗುತ್ತದೆ. ತಿರುಗಿದರೆ ತಿರುಗುತ್ತದೆ, ಇಲ್ಲದಿದ್ದರೆ ಕಾಲು ಹಿಡಿದು ತೆಗೆಯಬಹುದು. ಕೈ ಪಳಗಿದವರು ಬೇಕು" ಎಂದರು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ವಿಷಯವನ್ನೂ ಹೇಳಿದರು. 25 ದೇಶಗಳ ಸುಮಾರು 2,800 ಅವಳಿ ಬಸುರಿಯರು. ಎಲ್ಲರಿಗೂ ಮೊದಲ ಮಗುವಿನ ತಲೆ ಕೆಳಗಿತ್ತು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಆಪರೇಷನ್, ಉಳಿದವರಿಗೆ ಸಹಜ ಹೆರಿಗೆಯ ಪ್ರಯತ್ನ ಎಂದು ಹಂಚಿದರು. ಮಕ್ಕಳ ಸಾವು ಅಥವಾ ಗಂಭೀರ ತೊಂದರೆ ಎರಡೂ ಗುಂಪಿನಲ್ಲಿ ನೂರಕ್ಕೆ ಎರಡರ ಆಸುಪಾಸಿನಲ್ಲೇ ಇತ್ತು.

ಇದನ್ನು ಕೇಳಿ ನಾನು ಗೆದ್ದವಳಂತೆ ಗಂಡನ ಮುಖ ನೋಡಿದೆ. ವೈದ್ಯೆ ನಕ್ಕು, "ಪೂರ್ತಿ ಕೇಳಿ" ಎಂದರು. ಸಹಜ ಹೆರಿಗೆಗೆ ಎಂದು ಹೊರಟವರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಕೊನೆಗೆ ಆಪರೇಷನ್ನೇ ಆಯಿತು. ನಾಲ್ಕು ಮಂದಿಗಂತೂ ಮೊದಲ ಮಗು ಸಹಜವಾಗಿ ಹುಟ್ಟಿ, ಎರಡನೆಯದಕ್ಕೆ ಹೊಟ್ಟೆ ಕೊಯ್ಯಬೇಕಾಯಿತು. ಇನ್ನೊಂದು ಮಾತು: ಆ ಆಸ್ಪತ್ರೆಗಳಲ್ಲಿ ತುರ್ತಾದರೆ ಅರ್ಧ ಗಂಟೆಯೊಳಗೆ ಆಪರೇಷನ್ ಮಾಡುವ ಸಿದ್ಧತೆ ಇತ್ತು. "ನಿಮ್ಮ ಊರಿನಲ್ಲಿ ಇದೆಯೇ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಗಂಟು ಕಟ್ಟಿಕೊಂಡು ಬಂದೆ. ಮೊದಲು ನಮ್ಮ ಡಾಕ್ಟರಮ್ಮನನ್ನೇ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, "ಹಗಲಾದರೆ ಇದೆ. ರಾತ್ರಿ ಅರಿವಳಿಕೆ ಡಾಕ್ಟರು ಸಿಗುವುದು ಖಾತ್ರಿಯಿಲ್ಲ" ಎಂದರು. ನರ್ಸಿಂಗ್ ಹೋಮಿನಲ್ಲೂ ಅದೇ ಪ್ರಶ್ನೆ ಇಟ್ಟೆ. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ ಟೀಚರ್, ಅರಿವಳಿಕೆಯವರು ನಮ್ಮಲ್ಲಿ ಫೋನು ಮಾಡಿದರೆ ಬರುವವರು. ಮಕ್ಕಳ ಡಾಕ್ಟರೂ ಹಾಗೆಯೇ. ದಿನ ಗೊತ್ತಿದ್ದರೆ ಇಬ್ಬರನ್ನೂ ಕೂರಿಸಿಕೊಂಡಿರುತ್ತೇನೆ. ಮಧ್ಯರಾತ್ರಿ ಎರಡನೆಯ ಕೂಸು ಅಡ್ಡ ಸಿಕ್ಕಿದರೆ ನಾನೊಬ್ಬ ಏನು ಮಾಡಲಿ?" ಎಂದರು.

ಅಲ್ಲಿಯವರೆಗೆ ನಾನು ಅವರನ್ನು ದುಡ್ಡಿನ ಆಸೆಯವರು ಎಂದೇ ತೀರ್ಮಾನಿಸಿದ್ದೆ. ಅಂಥವರು ಇಲ್ಲವೆಂದು ಹೇಳಲಾರೆ. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹೆರಿಗೆ ಸಿಸೇರಿಯನ್ ಎಂದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಆದರೆ ಈ ಮನುಷ್ಯನಿಗೆ ಒಂದು ನ್ಯಾಯವಾದ ಭಯವಿತ್ತು. ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ನನಗೆ ಬೆಂಗಳೂರಿನ ರೈಲು ಉಳಿಯುತ್ತಿತ್ತೋ ಏನೋ. ನಾನೂ ಕೇಳಿರಲಿಲ್ಲ. ಏನು ಮಾಡಬೇಕು ಎಂದು ಹತ್ತು ಮಂದಿಯನ್ನು ಕೇಳಿದೆ, ಯಾಕೆ ಎಂದು ಒಬ್ಬರನ್ನೂ ಕೇಳಲಿಲ್ಲ.

ಆಮೇಲೆ ಹೆಚ್ಚು ಯೋಚಿಸಬೇಕಾಗಲಿಲ್ಲ. ರಾತ್ರಿಯೂ ಅರಿವಳಿಕೆಯವರು, ಹಸುಗೂಸುಗಳ ಪ್ರತ್ಯೇಕ ವಾರ್ಡು, ರಕ್ತದ ಸೌಲಭ್ಯ ಎಲ್ಲವೂ ಇರುವುದು ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯಲ್ಲಿ. ಗದ್ದಲ, ಮಂಚದ ಸಾಲು, ಹೊರಗೆ ಚಾಪೆ ಹಾಸಿಕೊಂಡ ನೆಂಟರು, ಎಲ್ಲ ನಿಜ. ಆದರೆ ದಿನಕ್ಕೆ ಹತ್ತಾರು ಹೆರಿಗೆ ನೋಡಿ ಪಳಗಿದ ಕೈಗಳೂ ಅಲ್ಲೇ ಇದ್ದವು. 34 ವಾರ ತುಂಬಿದ ಮೇಲೆ ಆಸ್ಪತ್ರೆಗೆ ಹತ್ತಿರವೇ ಇದ್ದ ಅಕ್ಕನ ಮನೆಯಲ್ಲಿ ಉಳಿದೆ. ಅವಳಿ ಬಸಿರುಗಳಲ್ಲಿ ನೂರಕ್ಕೆ 60ರಷ್ಟು 37 ವಾರಕ್ಕೆ ಮೊದಲೇ ತಾವಾಗಿ ಹೆರಿಗೆಗೆ ಬರುತ್ತವಂತೆ. ಅಷ್ಟೆಲ್ಲ ಜನ ಜಗಳವಾಡಿದ ತಾರೀಕನ್ನು ಕೂಸುಗಳು ಕೇಳಬೇಕಲ್ಲ!

36 ವಾರ ನಾಲ್ಕು ದಿನಕ್ಕೆ, ಆಷಾಢದ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ ನೀರು ಹೋಯಿತು. ಆಟೋದಲ್ಲಿ ಏಳು ನಿಮಿಷ. ಬೆಳಗಿನ ಜಾವ ಮೊದಲನೆಯವಳು ತಲೆ ಮುಂದಾಗಿ ಬಂದಳು. ಎರಡನೆಯವಳು ತಿರುಗಲಿಲ್ಲ. ಅರಿವಳಿಕೆ ಡಾಕ್ಟರು ನನ್ನ ತಲೆಯ ಬಳಿ ಬಂದು ನಿಂತಿದ್ದು ಕಂಡಿತು. ಹಿರಿಯ ವೈದ್ಯೆ, "ಸ್ವಲ್ಪ ತಾಳಮ್ಮ" ಎಂದು ಕಾಲು ಹಿಡಿದು ಎಳೆದುಕೊಂಡರು. ಇಬ್ಬರ ನಡುವೆ 16 ನಿಮಿಷ ಎಂದು ಆಮೇಲೆ ಹೇಳಿದರು. ನನಗೆ ಅದು ಒಂದು ಮಳೆಗಾಲದಷ್ಟು ಉದ್ದವಾಗಿತ್ತು.

ಈಗ ಕೇಳುತ್ತಿರುವವರಲ್ಲಿ ಯಾರಾದರೂ ಅವಳಿ ಬಸುರಿಯರಿದ್ದರೆ, ಮೂರನೆಯ ತಿಂಗಳ ಸ್ಕ್ಯಾನಿಂಗ್ ಮಾಡಿಸುವಾಗಲೇ ಮಾಸು ಎಷ್ಟು ಎಂದು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಲ್ಲಿಯೂ ಕೇಳಬಹುದು. ಚಿತ್ರವನ್ನು ಒಲೆಯ ಹತ್ತಿರ ಇಡಬೇಡಿ.

ಐದನೆಯ ದಿನ ಮನೆಗೆ ಕಳುಹಿಸುವಾಗ ಡಿಸ್ಚಾರ್ಜ್ ಕಾರ್ಡು ಕೈಗೆ ಬಂತು. ಹೆಣ್ಣು ಎರಡು, ತೂಕ ಇಷ್ಟಿಷ್ಟು, ತಾಯಿ ಕ್ಷೇಮ. ಕೆಳಗಿನವರೆಗೂ ಓದಿ ಸಿಸ್ಟರ್ ಹತ್ತಿರ ಹಿಂದಕ್ಕೆ ಹೋದೆ. "ಇದರಲ್ಲಿ ಮಾಸು ಎಷ್ಟು ಎಂದು ಬರೆದಿಲ್ಲ" ಎಂದೆ. ಹೆರಿಗೆ ಮುಗಿದ ಮೇಲೆ ಅದೆಲ್ಲ ಯಾಕೆ ಎನ್ನುವಂತೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಹೋಗಿ ಹೆರಿಗೆ ಕೋಣೆಯ ದಪ್ಪ ರಿಜಿಸ್ಟರ್ ತಂದು, ಬೆರಳಿಟ್ಟು ಹುಡುಕಿ, ಕಾರ್ಡಿನ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಬರೆದುಕೊಟ್ಟರು: ಮಾಸು ಎರಡು.

ನಮಸ್ಕಾರ.