ದೇವರಿಲ್ಲ ಎಂದು ಜೋರಾಗಿ ಹೇಳಬೇಕಾಗಿ ಬಂದದ್ದೇಕೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಈ ವಿಷಯ ಮಾತಾಡಲು ಕರೆದಿದ್ದೀರಿ, ತುಂಬಾ ಸಂತೋಷ.

ದೇವರನ್ನು ನಂಬದವರು ಹಿಂದಿನಿಂದಲೂ ಇದ್ದರು. ನಮ್ಮ ಚಾರ್ವಾಕರೇ ಇದ್ದರಲ್ವಾ. ಆದರೂ ಹೆಚ್ಚಿನವರು ಸುಮ್ನೆ ಇದ್ದುಬಿಡುತ್ತಿದ್ದರು. ಧರ್ಮ ಅಧಿಕಾರದ ಜೊತೆ ಸೇರಿಕೊಂಡು ದಾರಿಗೆ ಅಡ್ಡ ನಿಂತಾಗಲೇ ಅವರು ದನಿ ಎತ್ತಿದ್ದು ಎಂದು ನನ್ನ ನಂಬಿಕೆ.

ಚಾರ್ಲ್ಸ್ ಬ್ರಾಡ್ಲಾ ಅವರನ್ನೇ ನೋಡಿ. 1880ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಜನ ಅವರನ್ನು ಪಾರ್ಲಿಮೆಂಟಿಗೆ ಆರಿಸಿದರು. ನಾನು ನಾಸ್ತಿಕ ಎಂದು ಊರೆಲ್ಲ ಹೇಳಿಕೊಂಡಿದ್ದ ಮನುಷ್ಯ. ಸದಸ್ಯರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ಇವರು ದೇವರ ಹೆಸರು ಬಿಟ್ಟು ಮಾತು ಕೊಡುತ್ತೇನೆ ಎಂದರು. ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದರು. ಅದಕ್ಕೂ ಬಿಡಲಿಲ್ಲ. ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲೇ ಅವರನ್ನು ಕೂಡಿಹಾಕಿದ್ದೂ ಉಂಟು. ಜನ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. ಕೊನೆಗೆ ಒಳಗೆ ಕೂರಲು ಜಾಗ ಸಿಕ್ಕಿದ್ದು 1886ರಲ್ಲಿ. ಎರಡು ವರ್ಷಕ್ಕೆ ಕಾನೂನೇ ಬದಲಾಗಿ, ದೇವರ ಹೆಸರು ಹೇಳದೆಯೂ ಸದಸ್ಯರಾಗಿ ಕೂರಬಹುದು ಎಂದಾಯಿತು. 1891ರಲ್ಲಿ ಅವರು ತೀರಿಕೊಂಡಾಗ, ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಅಂತ್ಯಕ್ರಿಯೆಗೆ ಹೋಗಿದ್ದರು. ಇವತ್ತು ನಮ್ಮ ಶಾಸಕರು ದೇವರ ಹೆಸರಿನಲ್ಲೂ ಪ್ರಮಾಣ ಮಾಡಬಹುದು, ಸತ್ಯನಿಷ್ಠೆಯಿಂದಲೂ ಮಾಡಬಹುದು. ನಮ್ಮ ಸಂವಿಧಾನದಲ್ಲಿ ಎರಡಕ್ಕೂ ಜಾಗ ಇದೆ.

ನಾಸ್ತಿಕತೆಯ ಇತ್ತೀಚಿನ ಅಲೆ ಅಮೆರಿಕದ ಮೇಲೆ ನಡೆದ 2001ರ ಸೆಪ್ಟೆಂಬರ್ ದಾಳಿಯ ನಂತರ ಎದ್ದಿತು. ಅಮೆರಿಕದ ಡೋವರ್ ಎಂಬ ಊರಲ್ಲಿ ವಿಕಾಸವಾದದ ಪಾಠಕ್ಕೆ ಪೈಪೋಟಿಯಾಗಿ ಸೃಷ್ಟಿಕರ್ತನ ವಾದವನ್ನು ಶಾಲಾ ಮಂಡಳಿಯವರು ಶಾಲೆಗೆ ತರಲು ಹೊರಟರು. ಪೋಷಕರು ಕೋರ್ಟಿಗೆ ಹೋಗಿ 2005ರಲ್ಲಿ ಗೆದ್ದರು. ಹ್ಯಾರಿಸ್, ಡಾಕಿನ್ಸ್, ಡೆನೆಟ್, ಹಿಚೆನ್ಸ್ ಎಂಬ ನಾಸ್ತಿಕ ಲೇಖಕರ ಪುಸ್ತಕಗಳು ಬಂದದ್ದು ಇದೇ ಕಾಲದಲ್ಲಿ, 2004ರಿಂದ 2007ರ ಒಳಗೆ. ಅವರ ಧೈರ್ಯ ನನಗೆ ಇಷ್ಟ. ಆದರೆ ಅವರಲ್ಲಿ ಕೆಲವರು ಎಲ್ಲ ತಪ್ಪನ್ನೂ ನಂಬಿಕೆಯ ತಲೆಗೇ ಕಟ್ಟಿದರು. ಯುದ್ಧ, ತೈಲ, ಸಾಮ್ರಾಜ್ಯದ ಲೆಕ್ಕ ಹಿಂದೆ ಬಿತ್ತು.

ನಮ್ಮ ಕಡೆಯ ನಾಸ್ತಿಕರಿಗೆ ಜಾತಿ ಕಣ್ಣೆದುರೇ ಇತ್ತು. ತಮಿಳುನಾಡಿನ ಪೆರಿಯಾರ್ ಅದನ್ನೇ ಹಿಡಿದು ಹೊರಟರು. ಆಂಧ್ರದ ಗೋರಾ ನಾಸ್ತಿಕತೆಯಿಂದಾಗಿ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿ, ಎಲ್ಲ ಜಾತಿಯವರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರು. ನಮ್ಮ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದುಕೊಂಡೇ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ಮೂಢನಂಬಿಕೆಯ ವಿರುದ್ಧ ಕಾನೂನು ಬೇಕು ಎಂದು ವರ್ಷಗಟ್ಟಲೆ ಓಡಾಡಿದವರು ಅವರು.

ಇನ್ನು ಕೊಡಗು. ಇಲ್ಲಿನ ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ದೀಪದ ಮುಂದೆ ಹಿರಿಯರನ್ನು ನೆನೆಯುವುದಕ್ಕೆ, ಕೊಡವ ಮದುವೆಯಲ್ಲಿ ಅಕ್ಕಿ ಹಾಕಿ ಹರಸುವುದಕ್ಕೆ ಪುರೋಹಿತರು ಬೇಕಾಗಿಲ್ಲ. ಅದರ ಮೇಲೆ ನನಗೆ ಯಾವ ಜಗಳವೂ ಇಲ್ಲ. ಆದರೆ 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ, ತೋಟ ಹೋದಾಗ, ಕಾವೇರಮ್ಮ ಮುನಿದಳು ಎಂಬ ಮಾತೂ ಕೇಳಿಬಂತು. ವಿಪರೀತ ಮಳೆಯ ಜೊತೆಗೆ, ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕೊರೆದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ತಾಯಿ ಮುನಿದಳು ಎಂದುಬಿಟ್ಟರೆ, ಆ ಇಳಿಜಾರು ಕೊರೆಯಲು ಅನುಮತಿ ಕೊಟ್ಟವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳುವವರೇ ಇರುವುದಿಲ್ಲ. ಅದನ್ನು ಕೇಳುವುದಕ್ಕೆ ಯಾರೂ ದೇವರನ್ನು ಬಿಡಬೇಕಾಗಿಯೂ ಇಲ್ಲ.