ಕೆರೆಯ ನೀರು, ವಿಶ್ವವಿದ್ಯಾಲಯದ ಅನುದಾನ, ವಿದ್ಯಾರ್ಥಿಯ ದುಡಿಮೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ವೆಚ್ಚ ಮಾಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಗುರಿಯನ್ನು ಮತ್ತೊಮ್ಮೆ ಮುಂದಿಟ್ಟಿತು. ಗುರಿ ಕೈಗೂಡಿಲ್ಲ, ಅನುದಾನ ಹೆಚ್ಚಲೇಬೇಕು. ಹಾಗೆ ಹೆಚ್ಚುವ ಹಣದಲ್ಲಿ ಒಂದು ಪಾಲು ದುಡಿಮೆಯ ಸಂಬಳವಾಗಿ ವಿದ್ಯಾರ್ಥಿಗಳ ಕೈ ಸೇರಬೇಕು, ಆ ದುಡಿಮೆ ಅವರದೇ ಜಿಲ್ಲೆಯ ನೆಲ ಜಲಗಳನ್ನು ಕಾಯುವ ಕೆಲಸವಾಗಿರಬೇಕು ಎಂಬುದನ್ನು ಕೋಲಾರದ ಸಂಗತಿಯೊಂದನ್ನು ಹಿಡಿದು ಇಂದು ನಿಮ್ಮ ಮುಂದಿಡುತ್ತೇನೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಶತಮಾನಗಳಿಂದ ಬದುಕಿದ್ದು ಕೆರೆಗಳನ್ನು ನಂಬಿ. ಆ ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ, 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಇಲ್ಲಿಗೆ ಹರಿಸತೊಡಗಿದರು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವುದು ಯೋಜನೆಯ ಉದ್ದೇಶವಾಗಿತ್ತು. ಒಣಗಿದ್ದ ಎಷ್ಟೋ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡಿತು, ನಿಜ. ಆದರೆ ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿನವರೆಗೂ ಹೋಯಿತು. ಎರಡು ಹಂತಗಳ ಬಳಿಕವೂ ಉಳಿಯುವ ಕಲ್ಮಶವನ್ನು ತೆಗೆಯುವ ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆಯೂ ಎದ್ದಿತು.

ಇಂಥ ನೀರನ್ನು ಆಗೊಮ್ಮೆ ಈಗೊಮ್ಮೆ ಪರೀಕ್ಷಿಸಿದರೆ ಸಾಲದು. ಪ್ರತಿ ಕೆರೆಯಲ್ಲೂ ಋತುವಿನಿಂದ ಋತುವಿಗೆ, ಸುತ್ತಲಿನ ಕೊಳವೆಬಾವಿಗಳಲ್ಲೂ, ನೈಟ್ರೇಟ್, ಫಾಸ್ಫೇಟ್, ಕರಗಿದ ಆಮ್ಲಜನಕ, ಭಾರಲೋಹಗಳನ್ನು ಅಳೆಯುತ್ತಲೇ ಇರಬೇಕು. ಇದಕ್ಕೆ ಬೇಕಾದ ಕೈಗಳು ಅಲ್ಲಿಯೇ ಇವೆ. ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಅದರ ಕಾಲೇಜುಗಳಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಓದುತ್ತಿರುವವರಲ್ಲಿ ಬಹಳ ಮಂದಿ ಅವೇ ಕೆರೆಗಳ ಅಚ್ಚುಕಟ್ಟಿನ ಮಕ್ಕಳು. ಓದಿನ ಖರ್ಚಿಗಾಗಿ ಟೊಮೆಟೊ ಮಂಡಿಯಲ್ಲೋ ಕಲ್ಯಾಣ ಮಂಟಪದಲ್ಲೋ ದುಡಿಯುವ ವಿದ್ಯಾರ್ಥಿಗೆ ತಾನು ಕಲಿತ ವಿದ್ಯೆಯಿಂದಲೇ, ತನ್ನೂರ ಕೆರೆಯ ಮೇಲೆಯೇ ಸಂಬಳದ ಕೆಲಸ ಸಿಗುವುದು ಎಷ್ಟು ದೊಡ್ಡ ಮಾತು! ಹಿಂದೆ ಕೆರೆಯ ನೀರನ್ನು ನೋಡಿಕೊಳ್ಳುತ್ತಿದ್ದ ನೀರಗಂಟಿಗೆ ಊರು ಬೆಳೆಯಲ್ಲಿ ಪಾಲು ಕೊಡುತ್ತಿತ್ತು. ಕೆರೆ ಕಾಯುವುದು ಪುಕ್ಕಟೆ ಸೇವೆಯೆಂದು ಆ ಊರುಗಳು ಎಂದೂ ಎಣಿಸಲಿಲ್ಲ.

ವಿದ್ಯಾಸಂಸ್ಥೆ ಹಳ್ಳಿಗೆ ಹೋಗಿ ದುಡಿದದ್ದು ನಮ್ಮಲ್ಲಿ ಹೊಸತೂ ಅಲ್ಲ. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ನೆಲೆಯೂರಿ, ಕಡಿಮೆ ಸೌದೆ ಸಾಕಾಗುವ ಅಸ್ತ್ರ ಒಲೆಯನ್ನು ರೂಪಿಸಿತು. ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಗೋಬರ್ ಅನಿಲದಿಂದ ದೀಪ ಉರಿಸಿತು, ನೀರೆತ್ತಿಸಿತು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಇಂದಿಗೂ ಹಳ್ಳಿಯಲ್ಲಿ ತಂಗಿ, ಶಿಷ್ಯವೇತನ ಪಡೆದು, ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯುತ್ತಾರೆ. ಈ ಅವಕಾಶ ಬಿ.ಎಸ್ಸಿ., ಬಿ.ಎ. ಓದುವವರಿಗೇಕೆ ಬೇಡ?

ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ಎರಡು ವರ್ಷಗಳವರೆಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಅದು ಇರಲಿ. ಪದವಿ ಮುಗಿದು ನಿರುದ್ಯೋಗ ಬರುವವರೆಗೂ ಕಾಯದೆ, ಓದುತ್ತಿರುವಾಗಲೇ ಅಷ್ಟೇ ಹಣವನ್ನು ಸಂಬಳವಾಗಿ ಕೊಟ್ಟರೆ ವಿದ್ಯಾರ್ಥಿಗೆ ಅನುಭವ ಸಿಗುತ್ತದೆ, ಊರಿಗೆ ಮಾಹಿತಿ ಸಿಗುತ್ತದೆ.

ಹಣವನ್ನು ವಿಶ್ವವಿದ್ಯಾಲಯವೊಂದೇ ಹೊರಬೇಕಾಗಿಲ್ಲ. ಕೆ.ಸಿ. ವ್ಯಾಲಿ ಸಣ್ಣ ನೀರಾವರಿ ಇಲಾಖೆಯ ಯೋಜನೆ. ನೀರಿನ ಪರೀಕ್ಷೆಯ ವೆಚ್ಚವನ್ನು ಆ ಇಲಾಖೆ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡು ಭರಿಸಬಹುದು, ಪ್ರಯೋಗಾಲಯದ ಉಪಕರಣ ಮತ್ತು ಮೇಲ್ವಿಚಾರಕ ಅಧ್ಯಾಪಕರ ಹೊಣೆಯನ್ನು ಸರ್ಕಾರದ ಅನುದಾನ ಹೊರಬೇಕು. ವಿದ್ಯಾರ್ಥಿಗಳ ಸಂಬಳ ತಿಂಗಳು ತಿಂಗಳು ನೇರವಾಗಿ ಬ್ಯಾಂಕ್ ಖಾತೆಗೆ ಬರಲಿ, ಕೊಳಚೆಯ ಮೂಲದ ನೀರು ಮುಟ್ಟುವವರಿಗೆ ಕೈಗವಸು ಮತ್ತು ವಿಮೆ ಇರಲಿ, ಪ್ರತಿ ಕೆರೆಯ ಫಲಿತಾಂಶ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟವಾಗಲಿ.

ನಮಸ್ಕಾರ.